ಹಿಂಡಿ ಬೂಸಾ ಇಲ್ಲದೆ ಹಾಲು: ಮೇವನ್ನಷ್ಟೇ ನಂಬಿ ಹಸು ಸಾಕುವ ಕ್ರಮ

ಹಾಲಿನ ಉತ್ಪಾದನಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸುವಿನ ಹೊಟ್ಟೆಗೇ ಹೋಗುತ್ತದೆ; ಅದರಲ್ಲಿಯೂ ನಗದು ತೆತ್ತು ತರಬೇಕಾದದ್ದು ಹಿಂಡಿ, ಬೂಸಾ ಮತ್ತು ಮೂಟೆಯ ಪಶು ಆಹಾರ. ಇವನ್ನು ಪೂರ್ತಿಯಾಗಿ ಬಿಟ್ಟು ಹೊಲದಲ್ಲಿ ಬೆಳೆದ ಹುಲ್ಲು ಸೊಪ್ಪಿನಿಂದಲೇ ಹಾಲು ಕರೆಯಲಾದೀತೇ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಆದೀತು, ಆದರೆ ಒಂದು ಮಿತಿಯೊಳಗೆ. ನೀರಾವರಿಯ ಮೇವು ಚೆನ್ನಾಗಿರುವ ಕಡೆ ಸುಮಾರು 400 ಕಿಲೋ ತೂಗುವ ಮಿಶ್ರತಳಿ ಹಸುವೊಂದು ಮೇವಿನ ಮೇಲೆಯೇ ದಿನಕ್ಕೆ 7ರಿಂದ 9 ಲೀಟರ್ ಹಾಲು ಕೊಡಬಲ್ಲದು. ಅದಕ್ಕಿಂತ ಹೆಚ್ಚನ್ನು ಬಯಸುವವರು ಈ ದಾರಿಗೆ ಬಾರದಿರುವುದೇ ಲೇಸು. ಈ ಪ್ರಮಾಣದ ಹಾಲು ಕೂಡ ಹುಲ್ಲನ್ನು ರಾಶಿ ಹಾಕಿದ ಮಾತ್ರಕ್ಕೆ ಬರುವುದಿಲ್ಲ. ಹುಲ್ಲನ್ನು ನೆಟ್ಟವರೆಲ್ಲರಿಗೂ ಅದನ್ನು ಯಾವ ದಿನ ಕೊಯ್ಯಬೇಕೆಂಬುದು ತಿಳಿದಿರುವುದಿಲ್ಲ, ಹಾಲು ಕೈತಪ್ಪುವುದು ಬಹುಮಟ್ಟಿಗೆ ಅಲ್ಲಿಯೇ.

ಮೊದಲಿಗೆ ‘ಮೇವು ಮಾತ್ರ’ ಎಂಬುದರ ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ಹಸಿ ಹುಲ್ಲು, ಕಾಳುಜಾತಿಯ ಹಸಿರು ಮೇವು, ಮರದ ಸೊಪ್ಪು, ರಾಗಿ ಹುಲ್ಲು ಅಥವಾ ಜೋಳದ ಸೊಪ್ಪೆಯಂತಹ ಒಣ ಮೇವು ಮತ್ತು ರಸಮೇವು (ಗಾಳಿಯಾಡದಂತೆ ತುಂಬಿ ಹುಳಿ ಬರಿಸಿದ ಹಸಿ ಮೇವು, ಸೈಲೇಜ್) ಈ ಎಲ್ಲೆಯ ಒಳಗಿವೆ. ಉಪ್ಪು ಮತ್ತು ಖನಿಜ ಮಿಶ್ರಣ ಬೇಕೇ ಬೇಕು. ಹಿಂಡಿ, ಬೂಸಾ, ತೌಡು, ನುಚ್ಚು, ಬೇಳೆಯ ಹೊಟ್ಟು, ಪಶು ಆಹಾರ ಎಲ್ಲೆಯ ಹೊರಗಿವೆ. ಮನೆಯ ಕಲಗಚ್ಚನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಅನ್ನ, ಗಂಜಿ, ಮುದ್ದೆಯ ಉಳಿಕೆ ಸೇರಿದ ಒಂದು ಬಕೆಟ್ ಕಲಗಚ್ಚು ಕಾಳಿನ ಆಹಾರವೇ ಆಗಿರುವುದರಿಂದ, ‘ಹುಲ್ಲಿನ ಹಾಲು’ ಎಂದು ಹೇಳಿ ಮಾರುವವರು ಅದನ್ನೂ ನಿಲ್ಲಿಸಬೇಕಾಗುತ್ತದೆ.

ಯಾವ ಹಸು ಸೂಕ್ತ

ದಿನಕ್ಕೆ 20 ಲೀಟರ್ ಕರೆಯುವ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವನ್ನು ಹುಲ್ಲಿಗೆ ಇಳಿಸುವುದು ಆ ಪ್ರಾಣಿಗೆ ಮಾಡುವ ಅನ್ಯಾಯ. 500 ಕಿಲೋ ತೂಕದ ಅಂತಹ ಹಸುವಿಗೆ ಅಷ್ಟು ಹಾಲಿಗೆ ಬೇಕಾದ ಶಕ್ತಿಯನ್ನು ಹುಲ್ಲಿನಿಂದಲೇ ಒದಗಿಸಬೇಕಾದರೆ 85 ಕಿಲೋಗೂ ಹೆಚ್ಚು ಹಸಿ ಮೇವು ತಿನ್ನಿಸಬೇಕು. ಅದರ ಹೊಟ್ಟೆಯಲ್ಲಿ ಅಷ್ಟಕ್ಕೆ ಜಾಗವಿಲ್ಲ. ಹಾಲು ಕೊಡುವುದು ಅದರ ರಕ್ತದಲ್ಲಿಯೇ ಇರುವುದರಿಂದ, ಹೊಟ್ಟೆಗೆ ಸಾಲದಿದ್ದರೂ ಮೈಯ ಕೊಬ್ಬನ್ನು ಕರಗಿಸಿ ಹಾಲಾಗಿಸುತ್ತದೆ, ಎಲುಬು ಕಾಣುವಷ್ಟು ಸೊರಗುತ್ತದೆ, ಬೆದೆಗೆ ಬರುವುದನ್ನು ನಿಲ್ಲಿಸುತ್ತದೆ, ಕೆಲವೊಮ್ಮೆ ಮೈಕೊಬ್ಬು ಅತಿಯಾಗಿ ಕರಗುವುದರಿಂದ ಬರುವ ಕಾಯಿಲೆಯಾದ ಕೀಟೋಸಿಸ್‌ಗೆ ತುತ್ತಾಗುತ್ತದೆ.

ಈ ಪದ್ಧತಿಗೆ ಒಗ್ಗುವುದು ಹಗುರ ಮೈಯ, ಮಧ್ಯಮ ಹಾಲಿನ ಹಸು. ಜರ್ಸಿ ಮಿಶ್ರತಳಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಮೈಗೆ ಬೇಕಾದ ಮೇವು ಕಡಿಮೆ, ಹಾಲಿನ ಕೊಬ್ಬು ಹೆಚ್ಚು, ಬಿಸಿಲಿಗೂ ಎಚ್.ಎಫ್.ಗಿಂತ ಚೆನ್ನಾಗಿ ತಡೆಯುತ್ತದೆ. ಗಿರ್ ಮತ್ತು ಸಾಹಿವಾಲ್ ಕೂಡ ಹೊಂದುತ್ತವೆ, ಆದರೆ ಕೊಳ್ಳುವ ಬೆಲೆಯನ್ನು ಹಾಲು ತೀರಿಸುವುದಕ್ಕೆ ಬಹಳ ಕಾಲ ಬೇಕು. ಮಲೆನಾಡು ಗಿಡ್ಡ ತಳಿ ಗುಡ್ಡಬೆಟ್ಟದಲ್ಲಿ ಮೇಯ್ದೇ ಬದುಕಿ ಬಂದಿರುವುದರಿಂದ ಅದಕ್ಕೆ ಈ ಪದ್ಧತಿಯನ್ನು ಕಲಿಸಬೇಕಾಗಿಲ್ಲ. ಎರಡು ಮೂರು ಲೀಟರ್ ಹಾಲಿನಲ್ಲಿ ಮನೆಯ ಅಗತ್ಯ ತೀರುವವರಿಗೆ ಅದಕ್ಕಿಂತ ಕಡಿಮೆ ತಾಪತ್ರಯದ ಹಸು ಬೇರೆ ಇಲ್ಲ. ಹಳ್ಳಿಕಾರ್ ಮತ್ತು ಅಮೃತ ಮಹಲ್ ಉಳುಮೆಯ ತಳಿಗಳು. ಅವುಗಳಿಂದ ಹಾಲಿನ ವ್ಯಾಪಾರ ನಡೆಯದು.

ಹೊಟ್ಟೆಯ ಲೆಕ್ಕ

ಹಸು ತಿನ್ನುವ ಮೇವನ್ನು ಹಸಿ ತೂಕದಲ್ಲಿ ಅಳೆದರೆ ಮೋಸಹೋಗುತ್ತೇವೆ, ಏಕೆಂದರೆ ನೇಪಿಯರ್ ಹುಲ್ಲಿನಲ್ಲಿ ನೂರಕ್ಕೆ 80ರಷ್ಟು ನೀರೇ ಇರುತ್ತದೆ. ಲೆಕ್ಕಕ್ಕೆ ಬರುವುದು ನೀರು ಕಳೆದು ಉಳಿಯುವ ಒಣ ಅಂಶ. ಕರೆಯುವ ಹಸು ತನ್ನ ತೂಕದ ನೂರಕ್ಕೆ 2.5ರಿಂದ 3ರಷ್ಟು ಒಣ ಅಂಶವನ್ನು ದಿನವೂ ತಿನ್ನಬಲ್ಲದು. 400 ಕಿಲೋ ಹಸುವಿಗೆ ಇದು 10ರಿಂದ 12 ಕಿಲೋ ಆಗುತ್ತದೆ.

ಒಂದು ದಿನದ ಮೇವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಮಯಕ್ಕೆ ಸರಿಯಾಗಿ ಕೊಯ್ದ ನೇಪಿಯರ್ 35 ಕಿಲೋ, ಕುದುರೆ ಮೆಂತೆ (ಲೂಸರ್ನ್ ಎಂಬ ಕಾಳುಜಾತಿಯ ಮೇವು) 10 ಕಿಲೋ, ರಾಗಿ ಹುಲ್ಲು 2 ಕಿಲೋ ಕೊಟ್ಟರೆ ಒಟ್ಟು ಒಣ ಅಂಶ 10.8 ಕಿಲೋ ಆಗುತ್ತದೆ. ಇದರಲ್ಲಿ ಜೀರ್ಣವಾಗುವ ಪೋಷಕಾಂಶ ಸುಮಾರು 5.8 ಕಿಲೋ, ಕಚ್ಚಾ ಪ್ರೋಟೀನ್ ಸುಮಾರು 1,100 ಗ್ರಾಂ. ಹಸು ತನ್ನ ಮೈ ಕಾಯ್ದುಕೊಳ್ಳಲು 3.1 ಕಿಲೋ ಪೋಷಕಾಂಶವನ್ನೂ 320 ಗ್ರಾಂ ಪ್ರೋಟೀನನ್ನೂ ಬಳಸಿಕೊಳ್ಳುತ್ತದೆ. ನೂರಕ್ಕೆ 4ರಷ್ಟು ಕೊಬ್ಬಿರುವ ಪ್ರತಿ ಲೀಟರ್ ಹಾಲಿಗೆ 0.32 ಕಿಲೋ ಪೋಷಕಾಂಶ ಮತ್ತು 90 ಗ್ರಾಂ ಪ್ರೋಟೀನ್ ಬೇಕು. ಉಳಿದದ್ದನ್ನು ಹಂಚಿ ನೋಡಿದರೆ ಎರಡೂ ಕಡೆಯಿಂದ ಎಂಟೂವರೆ ಲೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಈ ಲೆಕ್ಕದಿಂದ ಕುದುರೆ ಮೆಂತೆಯನ್ನು ತೆಗೆದುಹಾಕಿ ಆ ಜಾಗಕ್ಕೆ ಒಣ ಹುಲ್ಲನ್ನು ತುಂಬಿದರೆ ಮೊದಲು ಕುಸಿಯುವುದು ಪ್ರೋಟೀನ್, ಅದರ ಹಿಂದೆಯೇ ಹಾಲು. ಮೊದಲ ಸೂಲಿನ ಹಸು ಇನ್ನೂ ಬೆಳೆಯುತ್ತಿರುವುದರಿಂದ ಅದರ ಪಾಲಿಗೆ ಒಂದೆರಡು ಲೀಟರ್ ಕಡಿಮೆ ಎಂದೇ ಇಟ್ಟುಕೊಳ್ಳಬೇಕು.

ತೊಟ್ಟಿಯ ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಗಿಡ ಅಜೋಲಾದ ಬಗೆಗೆ ಇಲ್ಲಿಯೇ ಒಂದು ಮಾತು ಹೇಳಬಹುದು. ಒಣಗಿಸಿ ಪರೀಕ್ಷಿಸಿದಾಗ ಅದರಲ್ಲಿ ಪ್ರೋಟೀನ್ ಬಹಳವಿರುವುದು ನಿಜ. ಆದರೆ ಹಸಿ ಅಜೋಲಾದ ಒಂದು ಕಿಲೋದಲ್ಲಿ ಒಣ ಅಂಶ 60 ಗ್ರಾಂ ಇದ್ದರೆ ಹೆಚ್ಚು, ಅದರಲ್ಲಿ ಪ್ರೋಟೀನ್ 15 ಗ್ರಾಂ ಮೀರದು. ಒಂದು ಲೀಟರ್ ಹಾಲಿನ ಪ್ರೋಟೀನಿಗೆ ಆರು ಕಿಲೋ ಅಜೋಲಾ ಬೇಕು ಎಂದಾಗ, ಆ ತೊಟ್ಟಿಗೆ ಹಾಕುವ ಶ್ರಮವನ್ನು ಕುದುರೆ ಮೆಂತೆಯ ಪಾತಿಗೆ ಹಾಕುವುದೇ ಮೇಲೆಂದು ನನ್ನ ಅಭಿಪ್ರಾಯ.

ನೇಪಿಯರ್: ನೆಡುವುದು ಸುಲಭ, ಕೊಯ್ಯುವುದು ಕಷ್ಟ

ಎರಡು ಕರೆಯುವ ಹಸು ಮತ್ತು ಅವುಗಳ ಕರುಗಳಿಗೆ ನೀರಾವರಿಯ ಒಂದು ಎಕರೆ ಸಾಕಾಗುತ್ತದೆ. ಅದರಲ್ಲಿ 15 ಗುಂಟೆ ಸಂಕರಣ ನೇಪಿಯರ್‌ಗೆ, 12 ಗುಂಟೆ ಕುದುರೆ ಮೆಂತೆಗೆ, 10 ಗುಂಟೆ ರಸಮೇವಿನ ಮುಸುಕಿನ ಜೋಳಕ್ಕೆ ಮೀಸಲಾಗಲಿ. ಉಳಿದ ಬದುಗಳಲ್ಲಿ ಮರದ ಸೊಪ್ಪು ಬೆಳೆಯಬಹುದು. ಸಿ.ಒ.-4, ಸಿ.ಒ.-5, ಧಾರವಾಡದಲ್ಲಿ ರೂಪುಗೊಂಡ ಡಿ.ಎಚ್.ಎನ್.-6 ಮುಂತಾದವುಗಳಲ್ಲಿ ಹತ್ತಿರದ ರೈತರಲ್ಲಿ ತುಂಡು ಸಿಗುವ ಯಾವುದಾದರೂ ಸರಿ. ತಳಿಯ ಹೆಸರಿನ ಮೇಲೆ ನಡೆಯುವ ವಾದಗಳಿಗೆ ಹಾಲಿನ ಪಾತ್ರೆಯಲ್ಲಿ ಕಾಣುವಷ್ಟು ಬೆಲೆ ಇಲ್ಲ.

ಹೊಲಕ್ಕೆ ಎಕರೆಗೆ 10 ಟನ್ನಿನಂತೆ ಕೊಟ್ಟಿಗೆ ಗೊಬ್ಬರ ಸೇರಿಸಿ, ಮೂರು ಅಡಿ ಅಂತರದ ಸಾಲಿನಲ್ಲಿ ಎರಡು ಅಡಿಗೊಂದರಂತೆ ಎರಡು ಗಿಣ್ಣಿನ ತುಂಡುಗಳನ್ನು, ಒಂದು ಗಿಣ್ಣು ಮಣ್ಣಿನೊಳಗೆ ಇರುವಂತೆ ಓರೆಯಾಗಿ ನೆಡಬೇಕು. ಎಕರೆಗೆ ಸುಮಾರು 7,500 ತುಂಡುಗಳು ಹಿಡಿಯುತ್ತವೆ. ಮೊದಲ ಕೊಯ್ಲಿಗೆ 70ರಿಂದ 75 ದಿನ ಕಾಯಬೇಕು, ಅಷ್ಟರಲ್ಲಿ ಬುಡ ಗಟ್ಟಿಯಾಗಿ ತೆಂಡೆ ಒಡೆಯುತ್ತದೆ. ಆ ನಂತರ ಪ್ರತಿ 40ರಿಂದ 45 ದಿನಕ್ಕೊಮ್ಮೆ, ನೆಲದಿಂದ ನಾಲ್ಕೈದು ಬೆರಳು ಬಿಟ್ಟು ಕೊಯ್ಯಬೇಕು.

ಬಹುಪಾಲು ಹೈನುಗಾರರು ಎಡವುವುದು ಈ 45 ದಿನದ ಮಾತಿನಲ್ಲಿ. ಹುಲ್ಲು ಇನ್ನೂ ಬೆಳೆಯುತ್ತಿದೆ, ಇನ್ನೆರಡು ವಾರ ಬಿಟ್ಟರೆ ಹೊರೆ ದೊಡ್ಡದಾಗುತ್ತದೆ ಎಂಬ ಆಸೆಯಿಂದ 70 ದಿನದವರೆಗೆ ಬಿಡುತ್ತಾರೆ, ಹೊರೆ ನಿಜವಾಗಿಯೂ ದೊಡ್ಡದಾಗುತ್ತದೆ. ಆದರೆ ಆ ಹೆಚ್ಚುವರಿ ತೂಕವೆಲ್ಲ ದಂಟಿನದು. ಎಲೆಗಿಂತ ದಂಟು ಹೆಚ್ಚಾದಂತೆ ನಾರು ಬಲಿಯುತ್ತದೆ, ನೂರಕ್ಕೆ 9ರಿಂದ 10ರಷ್ಟಿದ್ದ ಪ್ರೋಟೀನ್ 6ಕ್ಕೆ ಇಳಿಯುತ್ತದೆ. ಪ್ರೋಟೀನ್ 7ಕ್ಕಿಂತ ಕೆಳಗಿಳಿದ ಮೇವಿನಲ್ಲಿ ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದಾಗಿ, ನಾರು ಕರಗುವುದು ನಿಧಾನವಾಗುತ್ತದೆ. ನಾರು ಕರಗದಿದ್ದರೆ ಹೊಟ್ಟೆ ಖಾಲಿಯಾಗುವುದಿಲ್ಲ. ಹೊಟ್ಟೆ ಖಾಲಿಯಾಗದ ಹಸು ಮುಂದೆ ಹಾಕಿದ ಮೇವಿಗೆ ಬಾಯಿ ಹಾಕುವುದಿಲ್ಲ. ಹೀಗೆ ಬಲಿತ ಹುಲ್ಲು ಎರಡು ಕಡೆಯಿಂದ ಹೊಡೆಯುತ್ತದೆ: ಪ್ರತಿ ಕಿಲೋದಲ್ಲಿ ಸತ್ವ ಕಡಿಮೆ, ತಿನ್ನುವ ಕಿಲೋಗಳೂ ಕಡಿಮೆ. ಮೇಲಿನ ಲೆಕ್ಕದ ಅದೇ 35 ಕಿಲೋ ನೇಪಿಯರ್ 75 ದಿನದ್ದಾದರೆ ಹಾಲು 6 ಲೀಟರ್ ದಾಟುವುದು ಕಷ್ಟ. ಹಿಂಡಿ ಬೂಸಾ ಹಾಕುವವರಿಗೆ ಈ ಕೊರತೆ ಕಾಣುವುದಿಲ್ಲ, ಏಕೆಂದರೆ ಮೂಟೆ ಅದನ್ನು ಮುಚ್ಚಿಬಿಡುತ್ತದೆ. ಮೇವನ್ನಷ್ಟೇ ನಂಬಿದವರಿಗೆ ಮರುದಿನವೇ ಪಾತ್ರೆಯಲ್ಲಿ ಕಾಣುತ್ತದೆ.

ಆದ್ದರಿಂದ 15 ಗುಂಟೆಯನ್ನು ಆರು ಪಟ್ಟಿಗಳಾಗಿ ಮಾಡಿ, ವಾರಕ್ಕೊಂದು ಪಟ್ಟಿಯಂತೆ ಸುತ್ತು ಹಾಕುವುದು ಒಳ್ಳೆಯದು. ಆರು ವಾರಕ್ಕೆ ಮೊದಲ ಪಟ್ಟಿ ಮತ್ತೆ ಕೊಯ್ಲಿಗೆ ಬರುತ್ತದೆ. ಪಟ್ಟಿಗಳನ್ನು ಒಂದೇ ದಿನ ನೆಟ್ಟಿದ್ದರೂ ಮೊದಲ ಕೊಯ್ಲನ್ನು ಸ್ವಲ್ಪ ಬೇಗ ಆರಂಭಿಸಿ ಹಂತ ಹಂತವಾಗಿ ಮುಗಿಸಿದರೆ ವಯಸ್ಸಿನ ವ್ಯತ್ಯಾಸ ತಾನಾಗಿಯೇ ಏರ್ಪಡುತ್ತದೆ. ಮಳೆಗಾಲದಲ್ಲಿ ಹುಲ್ಲು ಓಡುತ್ತದೆ. ಆಗ ಹಸು ತಿಂದು ಮುಗಿಸಲಾಗದ ಪಟ್ಟಿಯನ್ನು ಬಲಿಯಲು ಬಿಡದೆ ಕೊಯ್ದು ಅರ್ಧ ದಿನ ಬಾಡಿಸಿ ರಸಮೇವಿಗೆ ತುಂಬಬೇಕು. ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ ಅದೇ ಪಟ್ಟಿ 55 ದಿನ ಕೇಳಬಹುದು, ಆಗ ಆ ಕೊರತೆಯನ್ನು ಈ ರಸಮೇವು ತುಂಬುತ್ತದೆ. ದಿನ ಎಣಿಸಲು ಬೇಸರವಾದವರು ಗಿಡವನ್ನೇ ನೋಡಲಿ: ಬುಡದ ಎಲೆಗಳು ಹಳದಿಯಾಗಲು ತೊಡಗಿದರೆ, ಕೆಳಗಿನ ಗಿಣ್ಣುಗಳು ಕಬ್ಬಿನಂತೆ ಬೆರಳಿಗೆ ಗಟ್ಟಿಯಾಗಿ ಸಿಕ್ಕಿದರೆ, ತಡವಾಯಿತೆಂದೇ ಅರ್ಥ.

ಪ್ರತಿ ಕೊಯ್ಲಿನ ನಂತರ ಸಾಲಿಗೆ ಗೋಬರ್ ಗ್ಯಾಸಿನ ಬಗ್ಗಡವನ್ನೋ ಕೊಟ್ಟಿಗೆ ತೊಳೆದ ಗಂಜಲದ ನೀರನ್ನೋ ಹಾಯಿಸಬೇಕು. ವರ್ಷಕ್ಕೆ ಏಳೆಂಟು ಕೊಯ್ಲು ಕೊಡುವ ಬೆಳೆ ನೆಲದ ಸಾರವನ್ನು ಹಾಗೆಯೇ ಹೊತ್ತು ತರುತ್ತದೆ. ಸಗಣಿ ಗಂಜಲ ಅದೇ ಹೊಲಕ್ಕೆ ಮರಳದಿದ್ದರೆ ಮೂರನೆಯ ವರ್ಷಕ್ಕೆ ಎಲೆ ಸಣ್ಣಗಾಗುತ್ತದೆ. ಕೊಯ್ದ ಹುಲ್ಲನ್ನು ಒಂದು ಅಂಗುಲದಷ್ಟು ಸಣ್ಣಗೆ ಕತ್ತರಿಸಿ ಹಾಕಿದರೆ ದಂಟನ್ನು ಬಿಟ್ಟು ಎಲೆ ಆರಿಸಿ ತಿನ್ನುವ ಚಾಳಿಗೆ ಅವಕಾಶವಿರುವುದಿಲ್ಲ.

ತೆಂಗು ಅಡಿಕೆ ತೋಟದ ನೆರಳಿನಲ್ಲಿ ನೇಪಿಯರ್ ಸೊರಗುತ್ತದೆ. ಅಲ್ಲಿಗೆ ಗಿನಿ ಹುಲ್ಲು ಸರಿ. ನೀರು ನಿಲ್ಲುವ ತಗ್ಗಿಗೆ ಪ್ಯಾರಾ ಹುಲ್ಲು, ಮಳೆಯಾಶ್ರಿತ ಕೆಂಪು ನೆಲಕ್ಕೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಎಂಬ ಕಾಳುಜಾತಿಯ ಮೇವು ಜೋಡಿ.

ಕಾಳುಜಾತಿಯ ಮೇವು

ಹಿಂಡಿಯ ಜಾಗವನ್ನು ತುಂಬುವುದು ಕಾಳುಜಾತಿಯ ಮೇವು. ಕುದುರೆ ಮೆಂತೆಯಲ್ಲಿ ಒಣ ಅಂಶದ ನೂರಕ್ಕೆ 18ರಿಂದ 20ರಷ್ಟು ಪ್ರೋಟೀನ್ ಇರುತ್ತದೆ. ಎಕರೆಗೆ 8 ಕಿಲೋ ಬೀಜ ಬೇಕು. ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗೊಬ್ಬರವನ್ನು ಬೀಜಕ್ಕೆ ಲೇಪಿಸಿ ಮಳೆ ಕಳೆದ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಬಿತ್ತಿದರೆ ಎರಡು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಪ್ರತಿ 25ರಿಂದ 30 ದಿನಕ್ಕೊಂದು ಕೊಯ್ಲು ಸಿಗುತ್ತದೆ. ಆದರೆ ಇದಕ್ಕೆ ಬುಡದಲ್ಲಿ ನೀರು ನಿಲ್ಲಬಾರದು, ಹುಳಿ ಮಣ್ಣು ಆಗದು. ಮಲೆನಾಡು ಮತ್ತು ಕರಾವಳಿಯ ರೈತರು ಇದರ ಬೀಜಕ್ಕೆ ಹಣ ಸುರಿಯುವ ಬದಲು ಅಲಸಂದೆ ಮತ್ತು ಬೇಲಿ ಸೊಪ್ಪನ್ನು ನೆಚ್ಚಿಕೊಳ್ಳುವುದು ಉತ್ತಮ.

ಬಯಲು ಸೀಮೆಯಲ್ಲಿಯೂ ಬದುಗಳಿಗೆ ಹೆಡ್ಜ್ ಲೂಸರ್ನ್ (ಬೇಲಿ ಮೆಂತೆ) ಹಾಕಿಕೊಂಡರೆ ಲಾಭವೇ. ಅದರ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಕೆಳಗಿಳಿಸಿದ ನೀರು ಸ್ವಲ್ಪ ಆರಿದ ಮೇಲೆ ಬೀಜವನ್ನು ನಾಲ್ಕೈದು ನಿಮಿಷ ಅದರಲ್ಲಿ ಬಿಟ್ಟು, ಬಳಿಕ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಬಿತ್ತದಿದ್ದರೆ ಮೊಳಕೆ ಚದುರಿ ಚದುರಿ ಬರುತ್ತದೆ. ಚೊಗಚೆ, ನುಗ್ಗೆ, ಗ್ಲಿರಿಸಿಡಿಯಾ ಸೊಪ್ಪುಗಳು ಬೇಸಿಗೆಯ ಆಪದ್ಬಾಂಧವರು. ಗ್ಲಿರಿಸಿಡಿಯಾದ ವಾಸನೆಗೆ ಹಸು ಮೊದಮೊದಲು ಮುಖ ತಿರುಗಿಸುತ್ತದೆ. ಅರ್ಧ ದಿನ ಬಾಡಿಸಿ ಹುಲ್ಲಿನೊಂದಿಗೆ ಬೆರೆಸಿ ರೂಢಿ ಮಾಡಿಸಬೇಕು. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶ ಇರುವುದರಿಂದ ಅದು ಹಸಿರು ಮೇವಿನ ಮೂರನೇ ಒಂದು ಪಾಲನ್ನು ಮೀರಬಾರದು.

ಒಣ ಮೇವು ಮತ್ತು ರಸಮೇವು

ದಿನಕ್ಕೆ ಎರಡು ಕಿಲೋ ಒಣ ಹುಲ್ಲು ಮಳೆಗಾಲದಲ್ಲಿಯೂ ತಪ್ಪಬಾರದು. ನೀರುನೀರಾದ ಎಳೆ ಹುಲ್ಲಿನ ಓಟವನ್ನು ತಡೆದು ಮೆಲುಕು ಹಾಕಿಸುವುದು ಅದೇ. ರಾಗಿ ಹುಲ್ಲು ಸಿಗುವ ಕಡೆ ಭತ್ತದ ಹುಲ್ಲಿನ ಗೊಡವೆ ಬೇಡ, ಭತ್ತದ ಹುಲ್ಲಿನಲ್ಲಿ ಮರಳಿನಂತಹ ಸಿಲಿಕಾ ಹೆಚ್ಚು. ಶೇಂಗಾ ಬಳ್ಳಿ ಒಣ ಮೇವುಗಳಲ್ಲಿಯೇ ಶ್ರೇಷ್ಠ. ಒಕ್ಕಣೆಯ ಕಾಲದಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿಯದಂತೆ ಬಣವೆ ಒಟ್ಟಿದರೆ ಅದು ಹಿಂಡಿಯ ಕೊರತೆಯನ್ನು ಅಷ್ಟಿಷ್ಟು ನೀಗಿಸುತ್ತದೆ.

ಮಾರ್ಚಿನಿಂದ ಮೇ ಕೊನೆಯವರೆಗೆ ಹೆಚ್ಚಿನವರ ಹಸಿರು ಕೈಕೊಡುತ್ತದೆ. ಎರಡು ಹಸುಗಳಿಗೆ ದಿನಕ್ಕೆ 15 ಕಿಲೋದಂತೆ 100 ದಿನಕ್ಕೆ 3 ಟನ್ ರಸಮೇವು ಬೇಕು, 10 ಗುಂಟೆಯ ಆಫ್ರಿಕನ್ ಟಾಲ್ ಮುಸುಕಿನ ಜೋಳ ಇದಕ್ಕೆ ಸಾಕು. ತೆನೆಯ ಕಾಳನ್ನು ಉಗುರಿನಿಂದ ಒತ್ತಿದಾಗ ಹಾಲು ಗಟ್ಟಿಯಾಗಿ ಹಿಟ್ಟಿನಂತಾಗುತ್ತಿರುವ ಹಂತದಲ್ಲಿ, ಬಿತ್ತಿದ 75ರಿಂದ 80 ದಿನದ ಸುಮಾರಿಗೆ ಕೊಯ್ಯಬೇಕು. ಆಗ ಗಿಡದ ಒಣ ಅಂಶ ನೂರಕ್ಕೆ 30ರ ಹತ್ತಿರ ಇರುತ್ತದೆ. ಒಂದು ಅಂಗುಲಕ್ಕೆ ಕತ್ತರಿಸಿ, ಗುಂಡಿಗೋ ದಪ್ಪ ಪ್ಲಾಸ್ಟಿಕ್ ಚೀಲಕ್ಕೋ ಪದರ ಪದರವಾಗಿ ತುಂಬಿ, ತುಳಿದು, ಗಾಳಿ ಉಳಿಯದಂತೆ ಮುಚ್ಚಬೇಕು. ಎಲ್ಲವೂ ಈ ತುಳಿತದಲ್ಲಿದೆ. ಒಂದು ಘನ ಮೀಟರಿನಲ್ಲಿ 500 ಕಿಲೋಗಿಂತ ಕಡಿಮೆ ಹಿಡಿಸಿದ್ದರೆ ಒಳಗೆ ಗಾಳಿ ಇದೆ ಎಂದರ್ಥ, ಅಲ್ಲಿ ಬೂಷ್ಟು ಬರುತ್ತದೆ. ನೇಪಿಯರ್‌ನಿಂದ ರಸಮೇವು ಮಾಡುವಾಗ ಸಕ್ಕರೆ ಅಂಶ ಕಡಿಮೆ ಇರುವುದರಿಂದ ನೂರು ಕಿಲೋಗೆ ಎರಡು ಮೂರು ಕಿಲೋ ಕಾಕಂಬಿ ಸೇರಿಸಬೇಕಾಗುತ್ತದೆ. 45 ದಿನದ ನಂತರ ತೆರೆದಾಗ ಹಳದಿ ಮಿಶ್ರಿತ ಹಸಿರು ಬಣ್ಣವೂ ಹಿತವಾದ ಹುಳಿ ವಾಸನೆಯೂ ಇದ್ದರೆ ಕೆಲಸ ಸರಿಯಾಗಿದೆ. ಕಪ್ಪಾಗಿ ಗಬ್ಬು ನಾರುವುದನ್ನು ತಿಪ್ಪೆಗೆ ಹಾಕಬೇಕು, ಬತ್ತಿದ ಹಸುವಿಗೂ ಕೊಡಬಾರದು.

ತೆನೆಸಹಿತ ಮುಸುಕಿನ ಜೋಳವನ್ನು ಮೇವೆಂದು ಕರೆಯಬಹುದೇ ಎಂಬ ತಕರಾರು ಉಂಟು. ಅದರಲ್ಲಿ ಕಾಳು ಸೇರಿರುವುದು ನಿಜವೇ ಆದ್ದರಿಂದ, ಕಟ್ಟುನಿಟ್ಟಾಗಿ ಹುಲ್ಲಿನ ಹಾಲೆಂದು ಹೇಳಿ ಹೆಚ್ಚಿನ ಬೆಲೆ ಕೇಳುವವರು ನೇಪಿಯರ್ ರಸಮೇವಿಗೇ ನಿಲ್ಲುವುದು ಪ್ರಾಮಾಣಿಕ. ಡೈರಿಗೆ ಹಾಲು ಹಾಕುವವರಿಗೆ ಈ ಕಟ್ಟುಪಾಡು ಬೇಕಿಲ್ಲ. ಬೇಸಿಗೆಯಲ್ಲಿ ಈ ರಸಮೇವು 15 ಕಿಲೋ, ನೇಪಿಯರ್ 20 ಕಿಲೋ, ಕುದುರೆ ಮೆಂತೆ 10 ಕಿಲೋ ಸೇರಿದರೆ 9 ಲೀಟರಿನವರೆಗೆ ನಿಲ್ಲಿಸಬಹುದು.

ಖನಿಜ ಮತ್ತು ನೀರು

ಬೂಸಾ, ತೌಡು ನಿಂತಾಗ ಅವುಗಳ ಜೊತೆಯಲ್ಲಿ ರಂಜಕವೂ ನಿಂತುಹೋಗುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಹುಲ್ಲಿನಲ್ಲಿ, ಅದರಲ್ಲಿಯೂ ಒಣ ಹುಲ್ಲಿನಲ್ಲಿ ರಂಜಕ ಕಡಿಮೆ. ನಮ್ಮ ಮೇವುಗಳಲ್ಲಿ ಸತುವು ಮತ್ತು ತಾಮ್ರದ ಕೊರತೆಯೂ ಸಾಮಾನ್ಯ. ಹಸು ಬಟ್ಟೆ, ಪ್ಲಾಸ್ಟಿಕ್, ಮೂಳೆ ಅಗಿಯುವುದು, ಪದೇ ಪದೇ ಬೆದೆಗೆ ಬಂದರೂ ಗಬ್ಬ ನಿಲ್ಲದಿರುವುದು ಇದರ ಲಕ್ಷಣಗಳು. ಎಳೆ ನೇಪಿಯರ್‌ನಲ್ಲಿ ಆಕ್ಸಲೇಟ್ ಇದ್ದು, ಅದು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಮತ್ತು 30 ಗ್ರಾಂ ಉಪ್ಪು ಈ ಪದ್ಧತಿಯಲ್ಲಿ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಆಯಾ ಪ್ರದೇಶದ ಕೊರತೆಗೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದೆ; ನಿಮ್ಮ ಜಿಲ್ಲೆಗೆ ಯಾವುದು ಸೂಕ್ತವೆಂದು ಪಶುವೈದ್ಯರಲ್ಲಿ ಕೇಳಿಕೊಳ್ಳಬಹುದು. ಹಿಂಡಿಯಿಲ್ಲದೆ ಇದನ್ನು ಬೆರೆಸುವುದು ಹೇಗೆಂದರೆ, ಒಂದಿಷ್ಟು ನೀರಿನಲ್ಲಿ ಕಲಸಿ ಕತ್ತರಿಸಿದ ಹುಲ್ಲಿನ ಮೇಲೆ ಚಿಮುಕಿಸಿದರೆ ಸಾಕು. ನೀರು 60ರಿಂದ 80 ಲೀಟರ್ ಬೇಕು, ಬೇಕೆಂದಾಗ ಬಾಯಿಗೆ ಸಿಗುವಂತಿರಬೇಕು.

ಮೇಯಲು ಬಿಡುವವರಿಗೆ

ಮೈಸೂರು ಸಂಸ್ಥಾನದ ಅಮೃತ ಮಹಲ್ ಹುಲ್ಲುಗಾವಲುಗಳನ್ನು (ಕಾವಲು) ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ನೀರು ಹುಲ್ಲಿನ ಅನುಕೂಲ ನೋಡಿ ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಅರ್ಧ ಎಕರೆಯಲ್ಲಿಯೂ ಇದೇ ಕ್ರಮ ನಡೆಯುತ್ತದೆ: ತಂತಿಯಿಂದಲೋ ಗೂಟದಿಂದಲೋ ತುಂಡು ಮಾಡಿ, ಒಂದು ತುಂಡಿನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಮೇಯಿಸದೆ, ಮತ್ತೆ ಅಲ್ಲಿಗೆ ಬರುವ ಮೊದಲು ಕನಿಷ್ಠ ಒಂದು ತಿಂಗಳ ಬಿಡುವು ಕೊಡಬೇಕು. ಹುಲ್ಲು ನಾಲ್ಕು ಬೆರಳಿಗಿಂತ ಕೆಳಗೆ ಇಳಿದರೆ ಬೇರು ಸೊರಗುತ್ತದೆ. ಕೆರೆಯಂಗಳದ ಜೌಗಿನಲ್ಲಿ ಮೇಯುವ ಹಸುಗಳಿಗೆ ಬಸವನಹುಳುವಿನ ಮೂಲಕ ಪಿತ್ತಜನಕಾಂಗದ ಚಪ್ಪಟೆ ಹುಳು ತಗಲುತ್ತದೆ, ಇದಕ್ಕೆ ಸಾಮಾನ್ಯ ಜಂತುನಾಶಕ ಸಾಲದು.

ಬದಲಾವಣೆಯ ವೇಳೆ

ಹಿಂಡಿಗೆ ಒಗ್ಗಿದ ಹಸುವನ್ನು ಒಮ್ಮೆಲೇ ಹುಲ್ಲಿಗೆ ತರಬಾರದು. ಕರು ಹಾಕಿದ ಮೊದಲ ಮೂರು ತಿಂಗಳಲ್ಲಿ ಹಾಲು ಏರಿ, ಹಸಿವು ಅದರ ಹಿಂದೆ ನಿಧಾನವಾಗಿ ಬರುವುದರಿಂದ ಆಗ ಕೈ ಹಾಕುವುದು ಅಪಾಯಕರ. ಗಬ್ಬ ಖಚಿತವಾಗಿ, ಸೂಲಿನ ಐದನೇ ತಿಂಗಳು ದಾಟಿದ ಮೇಲೆ, ನಾಲ್ಕೈದು ದಿನಕ್ಕೆ ಅರ್ಧ ಕಿಲೋದಂತೆ ಹಿಂಡಿ ಬೂಸಾ ಇಳಿಸುತ್ತ ಒಂದು ತಿಂಗಳಿನಲ್ಲಿ ನಿಲ್ಲಿಸಬಹುದು. ಹೊಸದಾಗಿ ಆರಂಭಿಸುವವರಿಗೆ ಮೇವಿನಲ್ಲಿಯೇ ಬೆಳೆದ ಕಡಸು ಎಲ್ಲಕ್ಕಿಂತ ಒಳ್ಳೆಯದು, ಅದರ ಹೊಟ್ಟೆ ದೊಡ್ಡದಾಗಿ ಬೆಳೆದಿರುತ್ತದೆ.

ಹಸು ಯಾವ ತಿಂಗಳಿನಲ್ಲಿ ಕರು ಹಾಕುತ್ತದೆ ಎಂಬುದನ್ನು ನಮ್ಮವರು ಯೋಚಿಸುವುದು ಕಡಿಮೆ. ಸೆಪ್ಟೆಂಬರ್ ಕೊನೆಯಲ್ಲಿ ಗಬ್ಬ ಕಟ್ಟಿಸಿದರೆ ಸುಮಾರು 280 ದಿನ ಕಳೆದು ಜೂನ್ ಕೊನೆ ಅಥವಾ ಜುಲೈ ಆರಂಭದಲ್ಲಿ ಕರು ಬರುತ್ತದೆ. ಹಾಲು ಶಿಖರ ಮುಟ್ಟುವ ಆರೆಂಟು ವಾರಗಳಿಗೂ ವರ್ಷದ ಅತ್ಯುತ್ತಮ ಹುಲ್ಲಿಗೂ ಆಗ ಕೂಡಿ ಬರುತ್ತದೆ, ಮುಂದಿನ ಏಪ್ರಿಲ್ ಮೇ ತಿಂಗಳ ಬರದ ದಿನಗಳಲ್ಲಿ ಹಸು ಬತ್ತಿರುತ್ತದೆ. ಹುಲ್ಲನ್ನೇ ನಂಬಿರುವ ನ್ಯೂಜಿಲೆಂಡಿನ ಹೈನುಗಾರಿಕೆಯೂ ಕರುಗಳನ್ನು ಹುಲ್ಲು ಚಿಗುರುವ ಕಾಲಕ್ಕೆ ಹೊಂದಿಸಿಕೊಂಡೇ ನಡೆಯುತ್ತದೆ. ವರ್ಷವಿಡೀ ಒಂದೇ ಸಮನೆ ಹಾಲು ಬೇಕೆನ್ನುವವರಿಗೆ ಇದು ಹೊಂದದು. ಕರು ಹಾಕುವ ಮುಂಚಿನ ಮೂರು ವಾರ ಕುದುರೆ ಮೆಂತೆಯನ್ನು ಕಡಿಮೆ ಮಾಡಬೇಕು. ಆಗ ಸುಣ್ಣದ ಅಂಶ ಹೆಚ್ಚು ಸಿಕ್ಕಿದರೆ ಮೈಯಿಂದ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಮಂದವಾಗಿ, ಕರು ಹಾಕಿದೊಡನೆ ಹಾಲು ಜ್ವರ (ರಕ್ತದಲ್ಲಿ ಸುಣ್ಣದ ಅಂಶ ಕುಸಿದು ಹಸು ನೆಲ ಹಿಡಿಯುವ ಕಾಯಿಲೆ) ಬರುವ ಸಂಭವ ಹೆಚ್ಚುತ್ತದೆ.

ಮೇವೇ ವಿಷವಾಗುವ ಸಂದರ್ಭಗಳು

ಎಳೆ ಜೋಳದ ಪೈರು, ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಒಡೆದ ಕೂಳೆ ಚಿಗುರು ಇವುಗಳಲ್ಲಿ ಸಯನೈಡ್ ವಿಷ ಇರುತ್ತದೆ. ಹೂ ಬರುವ ಮುನ್ನ ಮೇವಿನ ಜೋಳವನ್ನು ಕೊಡಬಾರದು. ತಿಂದ ಕೆಲವೇ ನಿಮಿಷಗಳಲ್ಲಿ ಹಸು ಏದುಸಿರು ಬಿಟ್ಟು ತತ್ತರಿಸಿದರೆ ಪಶುವೈದ್ಯರನ್ನು ಆ ಕ್ಷಣವೇ ಕರೆಸಬೇಕು, ಮನೆಮದ್ದಿಗೆ ಸಮಯವಿಲ್ಲ.

ಇಬ್ಬನಿಯಿಂದ ಒದ್ದೆಯಾದ ಕುದುರೆ ಮೆಂತೆ ಅಥವಾ ಅಲಸಂದೆಯನ್ನು ಖಾಲಿ ಹೊಟ್ಟೆಗೆ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಒಣ ಹುಲ್ಲು ಕೊಟ್ಟು, ಸೊಪ್ಪನ್ನು ಬಾಡಿಸಿ, ನೇಪಿಯರ್ ಜೊತೆ ಬೆರೆಸಿ ಹಾಕುವುದೇ ಇದಕ್ಕೆ ತಡೆ.

ಹಾಲಿನ ಗುಣ ಮತ್ತು ಡೈರಿಯ ಚೀಟಿ

ನಾರು ಹೆಚ್ಚಿರುವ ಮೇವಿನಿಂದ ಹಾಲಿನ ಕೊಬ್ಬಿಗೆ ಬೇಕಾದ ಅಸಿಟಿಕ್ ಆಮ್ಲ ಹೊಟ್ಟೆಯಲ್ಲಿ ಹೇರಳವಾಗಿ ಉತ್ಪತ್ತಿಯಾಗುವುದರಿಂದ ಕೊಬ್ಬು ಕಡಿಮೆಯಾಗುವ ಭಯವಿಲ್ಲ. ಹಸಿರು ಮೇವಿನ ಕ್ಯಾರೋಟಿನ್‌ನಿಂದ ಹಾಲಿಗೆ, ಅದಕ್ಕಿಂತ ಬೆಣ್ಣೆ ತುಪ್ಪಕ್ಕೆ ಹಳದಿ ಛಾಯೆ ಬರುತ್ತದೆ. ತೊಂದರೆ ಬರುವುದು ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್‌ನಲ್ಲಿ. ಹಸುವಿಗೆ ಶಕ್ತಿ ಸಾಲದಾದಾಗ ಮೊದಲು ಇಳಿಯುವುದು ಹಾಲಿನ ಪ್ರೋಟೀನ್, ಅದರಿಂದಾಗಿ ಎಸ್‌ಎನ್‌ಎಫ್. ಸಂಘಗಳಲ್ಲಿ ಸಾಮಾನ್ಯವಾಗಿ 3.5 ಕೊಬ್ಬು ಮತ್ತು 8.5 ಎಸ್‌ಎನ್‌ಎಫ್ ಆಧಾರದ ಮೇಲೆ ದರ ಕಟ್ಟುವುದರಿಂದ, 4.2 ಕೊಬ್ಬಿದ್ದರೂ 8.2 ಎಸ್‌ಎನ್‌ಎಫ್ ಬಂದ ಹಾಲಿಗೆ ದರ ಕಡಿತವಾಗಬಹುದು, ನೀರು ಬೆರೆಸಿದ್ದಾರೆಂಬ ಅನುಮಾನವನ್ನೂ ಎದುರಿಸಬೇಕಾಗಬಹುದು. ಚೀಟಿಯಲ್ಲಿ ಕೊಬ್ಬು ಏರುತ್ತ ಎಸ್‌ಎನ್‌ಎಫ್ ಇಳಿಯುತ್ತ ಹೋದರೆ ಹುಲ್ಲು ಬಲಿತಿದೆ ಎಂದೋ, ಮೈಯ ಕೊಬ್ಬು ಕರಗುತ್ತಿದೆ ಎಂದೋ ತಿಳಿದು, ಅಂದೇ ಎಳೆಯ ಪಟ್ಟಿಗೆ ಕುಡುಗೋಲು ಹಾಕಬೇಕು. ಡೈರಿಯ ಚೀಟಿಯನ್ನು ದುಡ್ಡಿನ ಲೆಕ್ಕಕ್ಕೆ ಮಾತ್ರ ನೋಡುವವರಿಗೆ ಅದು ಮೇವಿನ ಪರೀಕ್ಷೆಯ ವರದಿಯೂ ಹೌದೆಂಬುದು ಹೊಳೆಯುವುದಿಲ್ಲ. ರಸಮೇವು, ಕುದುರೆ ಮೆಂತೆ, ಗ್ಲಿರಿಸಿಡಿಯಾಗಳನ್ನು ಹಾಲು ಕರೆದ ನಂತರವೇ ಹಾಕಬೇಕು, ಇಲ್ಲವಾದರೆ ಅವುಗಳ ವಾಸನೆ ಹಾಲಿಗೆ ಹತ್ತುತ್ತದೆ.

ಚೀಟಿಯ ಜೊತೆಗೆ ಹಸುವನ್ನೂ ನೋಡುತ್ತಿರಬೇಕು. ಎಡಗಡೆಯ ಪಕ್ಕೆಲುಬಿನ ಹಿಂದಿನ ಹಳ್ಳ ಸಂಜೆಯ ಹೊತ್ತಿಗೂ ತುಂಬದಿದ್ದರೆ ಮೇವು ಸಾಲದು ಅಥವಾ ರುಚಿಸದು. ಸಗಣಿ ಗಟ್ಟಿಯಾಗಿ ಉಂಡೆಯಂತೆ ಬಿದ್ದರೆ ಪ್ರೋಟೀನ್ ಕಡಿಮೆ, ಕಾಳುಜಾತಿಯ ಸೊಪ್ಪು ಹೆಚ್ಚಿಸಬೇಕು. ನೀರಾಗಿ ಚೆಲ್ಲಿದರೆ ಹುಲ್ಲು ಅತಿ ಎಳೆಯದು, ಒಣ ಹುಲ್ಲು ಹೆಚ್ಚಿಸಬೇಕು. ಬೆನ್ನಮೂಳೆ ಮತ್ತು ಸೊಂಟದ ಎಲುಬುಗಳು ಚೂಪಾಗಿ ಎದ್ದು, ಕರು ಹಾಕಿ ನಾಲ್ಕು ತಿಂಗಳಾದರೂ ಬೆದೆಗೆ ಬಾರದಿದ್ದರೆ, ಆ ಹಸುವಿನ ಹಾಲು ನಿಮ್ಮ ಮೇವಿನ ಶಕ್ತಿಯನ್ನು ಮೀರಿದೆ ಎಂದು ಒಪ್ಪಿಕೊಂಡು, ಗಬ್ಬ ನಿಲ್ಲುವ ತನಕ ದಿನಕ್ಕೆ ಎರಡು ಕಿಲೋ ಹಿಂಡಿ ಬೂಸಾ ಕೊಡಿ. ಮುಂದಿನ ಸೂಲಿಗೆ ಅದರ ಜಾಗದಲ್ಲಿ ಹಗುರ ಮೈಯ ಇನ್ನೊಂದು ಹಸುವನ್ನು ಕಟ್ಟಿ.